ಶೆಟ್ಲಿಗೆ ಮದ್ದು ಬಂತಾ, ಸರ್?

ಕುಮಟಾ ಬಸ್‌ಸ್ಟ್ಯಾಂಡಿನಿಂದ ಹೆಗಡೆಯ ಕಡೆಗೆ ಹೊರಟ ಬಸ್ಸು ಪೇಟೆಯ ಗದ್ದಲ ಕಳೆದ ಮೇಲೆ ತೆಂಗಿನ ತೋಟಗಳ ನಡುವೆ ಸಾಗುತ್ತದೆ. ಆಮೇಲೆ ಒಂದು ಕಡೆ ಮರಗಳೆಲ್ಲ ಹಿಂದೆ ಸರಿದು ಕಣ್ಣು ಹಾಯುವಷ್ಟೂ ನೀರೇ ನೀರು. ಹೊಸಬರು ಇದನ್ನು ಕೆರೆ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದು ಕೆರೆಯಲ್ಲ, ಹೊಳೆಯೂ ಅಲ್ಲ. ಗದ್ದೆ! ಈ ಕಡೆಯವರು ಅದನ್ನು ಗಜನಿ ಎನ್ನುತ್ತಾರೆ.

ಗಜನಿಗೆ ನೀರು ಕೊಡುವುದು ಅಘನಾಶಿನಿ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಕಡಲು ಸೇರುವ ಹೊಳೆ ಅದು. ಅದಕ್ಕೆ ಅಡ್ಡವಾಗಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಸಿಹಿನೀರು ಧಾರಾಳವಾಗಿ ಬರುತ್ತದೆ. ಮಳೆ ನಿಂತ ಮೇಲೆ ದಿನಕ್ಕೆರಡು ಸಲ ಸಮುದ್ರದ ಉಬ್ಬರ ಉಪ್ಪುನೀರನ್ನು ಮೈಲಿಗಟ್ಟಲೆ ಒಳಕ್ಕೆ ನೂಕುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹೊಳೆಯ ಕೆಸರಿನಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಇದರಿಂದ ಏನಾಯಿತು ಎಂದು ಕೇಳಿದರೆ ಅವರು ನಕ್ಕು ಮತ್ತೆ ಬಗ್ಗುತ್ತಾರೆ.

ಉಪ್ಪುನೀರಿನ ಈ ಕೆಸರಿನಲ್ಲಿ ಭತ್ತ ಬೆಳೆಯಲು ಸಾಧ್ಯವೇ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಸಾಧ್ಯ. ಅದರ ಹೆಸರು ಕಗ್ಗ. ಎತ್ತರಕ್ಕೆ ಬೆಳೆಯುವ, ಉಪ್ಪನ್ನು ತಾಳಿಕೊಳ್ಳುವ, ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯದ ತಳಿ. ಮಳೆಗಾಲದ ಮೊದಲಲ್ಲಿ ಮೊಳಕೆ ಬರಿಸಿದ ಬೀಜ ಚೆಲ್ಲಿ ಬಂದರೆ ಗೊಬ್ಬರವೂ ಬೇಡ, ಔಷಧವೂ ಬೇಡ. ಅಕ್ಟೋಬರ್ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ತೆನೆ ಕೊಯ್ಯುತ್ತಾರೆ. ಬುಡ ಅಲ್ಲೇ ಉಳಿದು ಕೊಳೆಯುತ್ತದೆ. ಆಮೇಲೆ ಏರಿಯ ತೂಬಿನ ಹಲಗೆ ಎತ್ತಿ ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನಿನ ಮರಿ, ಏಡಿ, ಸಿಗಡಿ ತಾವಾಗಿಯೇ ಬರುತ್ತವೆ. ಕೊಳೆತ ಬುಡದ ಸುತ್ತ ಹುಟ್ಟುವ ಸಣ್ಣ ಜೀವಿಗಳೇ ಅವಕ್ಕೆ ಊಟ. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ತೂಬಿಗೆ ಬಲೆ ಕಟ್ಟಿದರೆ ಕೊಯ್ಲು. ಅಕ್ಕಿ ಒಂದು ಬೆಳೆ, ಶೆಟ್ಲಿ ಒಂದು ಬೆಳೆ. ಶೆಟ್ಲಿ ಎಂದರೆ ಸಿಗಡಿ. ಕುಮಟಾ, ಹೊನ್ನಾವರದ ಕಡೆ ಹಾಗೆನ್ನುತ್ತಾರೆ.

ಇಷ್ಟು ಪೀಠಿಕೆ ಬೇಕಾಯಿತು. ಏಕೆಂದರೆ ನಾನು ಹೇಳಹೊರಟಿರುವುದು ಈ ಏರಿಯ ಮೇಲೆ ಮೂವತ್ತು ವರ್ಷದ ಹಿಂದೆ ನಾನೇ ಮಾಡಿದ ಒಂದು ಗುಣಾಕಾರದ ಕಥೆ.

ಎಂಟು ಡಬ್ಬಿಗಳ ಲೆಕ್ಕ

1995. ಆಗ ನಾನು ಈ ಕಡೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಹೊಸ ಉಪನ್ಯಾಸಕ. ನನ್ನ ಬಾಡಿಗೆ ಮನೆಗೆ ಹಾಲು ತರುತ್ತಿದ್ದವರ ಮೂಲಕ ಗಜನಿಯ ಒಬ್ಬ ರೈತರ ಪರಿಚಯವಾಗಿತ್ತು. ಕರಾವಳಿಯುದ್ದಕ್ಕೂ ಸಿಗಡಿ ಎಂದರೆ ಚಿನ್ನ ಎನ್ನುವ ಕಾಲ. ಜಪಾನಿಗೆ, ಯುರೋಪಿಗೆ ಹೋಗುವ ಟೈಗರ್ ಸಿಗಡಿ! ಉಬ್ಬರ ತಂದ ಮರಿ ಸಾಲದೆಂದು ಹ್ಯಾಚರಿಯ ಮರಿ ತಂದು ಬಿಡುತ್ತಿದ್ದರು, ಮೂಟೆಗಟ್ಟಲೆ ಮೇವು ಸುರಿಯುತ್ತಿದ್ದರು. ಅನೇಕ ಕಡೆ ಗಜನಿಗಳನ್ನೇ ಗುತ್ತಿಗೆಗೆ ಕೊಟ್ಟು ಕಗ್ಗ ಬಿತ್ತುವುದನ್ನು ಬಿಟ್ಟರು. ನಮ್ಮ ರೈತರೂ ಸಾಲ ಮಾಡಿ ಗಜನಿಯ ಅಂಚಿಗೆ ಒಂದು ಎಕರೆಯ ಹೊಂಡ ತೋಡಿಸಿದ್ದರು. ದೊಡ್ಡ ಮಗಳು ಹತ್ತನೇ ತರಗತಿಯಲ್ಲಿದ್ದಳು. ಅವಳನ್ನು ಪಿಯುಸಿ ವಿಜ್ಞಾನಕ್ಕೆ ಸೇರಿಸಬೇಕು, ಹಾಸ್ಟೆಲಿಗೂ ಆಗಬೇಕು ಎಂದು ಈ ಹೊಂಡದ ಮೇಲೆಯೇ ಲೆಕ್ಕ ಹಾಕಿದ್ದರು.

ಒಂದು ಬೆಳಿಗ್ಗೆ ಅವರು ನನ್ನ ಬಾಗಿಲಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. "ಇಂಗ್ಲೀಷಿನಲ್ಲಿದೆ ಸರ್, ಓದಿ ಹೇಳಿ. ಎಷ್ಟು ಹಾಕಬೇಕು?" ಎಂದರು. ಸಿಗಡಿಗಳು ಮೇವು ಬಿಟ್ಟಿದ್ದವು. ದಂಡೆಗೆ ಬಂದು ಸುಮ್ಮನೆ ನಿಲ್ಲುತ್ತಿದ್ದವು. ಕೆಲವು ಕೆಂಪಾಗಿದ್ದವು. ಚಿಪ್ಪು ಎತ್ತಿ ಬಿಸಿಲಿಗೆ ಹಿಡಿದರೆ ಒಳಗೆ ಸಾಸಿವೆಯಷ್ಟು, ಅದಕ್ಕಿಂತ ಚಿಕ್ಕ ಬಿಳಿ ಚುಕ್ಕೆಗಳು.

ಡಬ್ಬಿಯ ಮೇಲೆ ಆಕ್ಸಿಟೆಟ್ರಾಸೈಕ್ಲಿನ್ ಎಂದಿತ್ತು. ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್. ಅಂಗಡಿಯವರು ಲೀಟರಿಗೆ ಒಂದು ಮಿಲಿಗ್ರಾಮಿನಂತೆ ನೀರಿಗೆ ಹಾಕಲು ಹೇಳಿದ್ದರಂತೆ. ನಾನು ಹುಮ್ಮಸ್ಸಿನಿಂದ ಲೆಕ್ಕ ಮಾಡಿದೆ. ಒಂದು ಎಕರೆ, ಒಂದು ಮೀಟರ್ ಆಳ. ನೀರು 40 ಲಕ್ಷ ಲೀಟರ್. ಔಷಧ ನಾಲ್ಕು ಕಿಲೋ. ಅರ್ಧ ಕಿಲೋದ ಎಂಟು ಡಬ್ಬಿ. ಹಾಳೆಯ ಮೇಲೆ ಅಂದವಾಗಿ ಬರೆದು ಕೊಟ್ಟೆ. ಅವರು ಮಗಳ ಹೆಸರಿಗೆ ತೆಗೆದಿಟ್ಟ ಹಣದಲ್ಲಿ ಎಂಟು ಡಬ್ಬಿ ಕೊಂಡರು. ಆರನೇ ದಿನಕ್ಕೆ ಹೊಂಡದಲ್ಲಿ ಒಂದೂ ಸಿಗಡಿ ಜೀವಂತ ಇರಲಿಲ್ಲ.

ಆ ವರ್ಷ ಮಗಳು ಹತ್ತನೇ ತರಗತಿ ಪಾಸಾದಳು, ಕಾಲೇಜಿಗೆ ಬರಲಿಲ್ಲ. ನಾನು ಮುಂದೆ ವರ್ಗವಾಗಿ ಹೋದೆ. ಆ ಹಾಳೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಬ್ಯಾಕ್ಟೀರಿಯಾ ಬೇರೆ, ವೈರಸ್ ಬೇರೆ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವನು ನಾನೇ. ಪೂರ್ವ ಕರಾವಳಿಯಲ್ಲಿ ಹಿಂದಿನ ವರ್ಷವೇ ಇಂಥ ರೋಗ ಬಂದಿತ್ತು, ಅದು ವೈರಸ್ ಇರಬಹುದೆಂಬ ಮಾತು ಪತ್ರಿಕೆಗಳಲ್ಲಿ ಬರುತ್ತಿತ್ತು. ಆದರೂ ಡಬ್ಬಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಗುಣಾಕಾರಕ್ಕೆ ಕೂತೆ.

ಮತ್ತೆ ಅದೇ ಏರಿ

ಕಳೆದ ಡಿಸೆಂಬರಿನಲ್ಲಿ ಒಂದು ಮದುವೆಗೆಂದು ಕುಮಟಾಕ್ಕೆ ಹೋದವನು ಅಲ್ಲಿಗೆ ಹೋಗದಿದ್ದರೆ ಆಗುವುದಿಲ್ಲವೆನಿಸಿ ಬಸ್ಸು ಹತ್ತಿದೆ. ರೈತರಿಗೆ ಈಗ ಎಂಬತ್ತರ ಹತ್ತಿರ. ಗುರುತು ಹಿಡಿದರು. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟ ಕೂಡಲೇ ಕೇಳಿದ್ದು ಒಂದೇ ಮಾತು: "ಶೆಟ್ಲಿಗೆ ಮದ್ದು ಬಂತಾ, ಸರ್?"

ಒಳಗಿನಿಂದ ಬಂದದ್ದು ಆ ಮಗಳೇ. ಹೊಲಿಗೆ ಕಲಿತು, ಮದುವೆಯಾಗಿ, ಈಗ ಗಂಡನ ಜೊತೆ ಅಪ್ಪನ ಗಜನಿಯನ್ನೂ ನೋಡಿಕೊಳ್ಳುತ್ತಾರೆ. ಮಗ ದ್ವಿತೀಯ ಪಿಯುಸಿ, ವಿಜ್ಞಾನ. ಅಜ್ಜನ ಪ್ರಶ್ನೆಯನ್ನು ಅವನು ಇನ್ನೊಂದು ಬಗೆಯಲ್ಲಿ ಕೇಳಿದ. "ಕೊರೋನಾಕ್ಕೆ ಒಂದು ವರ್ಷದಲ್ಲಿ ಲಸಿಕೆ ಬಂತು. ಇದಕ್ಕೆ ಮೂವತ್ತು ವರ್ಷವಾದರೂ ಏಕೆ ಇಲ್ಲ?" ನಾವು ಮೂವರೂ ಮಾತಾಡುತ್ತ ಏರಿಯ ಮೇಲೆ ನಡೆದೆವು. ಕಗ್ಗ ಕೊಯ್ದಾಗಿತ್ತು. ನೀರಿನಿಂದ ಭತ್ತದ ಕೂಳೆ ಬೆರಳಿನಷ್ಟು ಮೇಲೆ ಕಾಣುತ್ತಿತ್ತು. ಬೆಳ್ಳಕ್ಕಿಗಳು ಒಂಟಿ ಕಾಲಿನ ಮೇಲೆ ಕಾದು ನಿಂತಿದ್ದವು.

ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ ಅವರಿಗೆ ಪರೀಕ್ಷೆಗೂ ಬಂದೀತು.

ಬ್ಯಾಕ್ಟೀರಿಯಾಕ್ಕೆ ತನ್ನದೇ ಮನೆ, ತನ್ನದೇ ಒಲೆ, ತನ್ನದೇ ಪಾತ್ರೆ ಇರುತ್ತದೆ. ಆ ಪಾತ್ರೆ ನಮ್ಮದರಂತೆ ಇಲ್ಲದ್ದರಿಂದ ಅದನ್ನಷ್ಟೇ ಒಡೆಯುವ ಔಷಧ ಮಾಡಬಹುದು. ವೈರಸ್ಸಿಗೆ ಒಲೆಯೇ ಇಲ್ಲ. ಅದು ಸಿಗಡಿಯ ಜೀವಕೋಶದೊಳಗೆ ಹೊಕ್ಕು ಸಿಗಡಿಯದೇ ಒಲೆಯಲ್ಲಿ ತನ್ನ ಅಡಿಗೆ ಮಾಡಿಕೊಳ್ಳುತ್ತದೆ. ಒಲೆ ಆರಿಸಿದರೆ ಮನೆಯವರೂ ಉಪವಾಸ. ಹಾಗೆಂದು ಉಪಾಯವೇ ಇಲ್ಲವೆಂದಲ್ಲ. ಮನುಷ್ಯರ ಹರ್ಪಿಸ್ ಸರ್ಪಸುತ್ತಿಗೆ ವೈದ್ಯರು ಕೊಡುವ ಅಸೈಕ್ಲೋವಿರ್ ಮಾತ್ರೆ ಬಹಳ ಜಾಣ ಔಷಧ. ವೈರಸ್ಸು ತಾನೇ ತಂದ ಕಿಣ್ವವೊಂದು ಮುಟ್ಟಿದ ಮೇಲೆಯೇ ಅದು ಚುರುಕಾಗುತ್ತದೆ. ಹಾಗಾಗಿ ಸೋಂಕು ತಗಲಿದ ಕೋಶದಲ್ಲಷ್ಟೇ ಕೆಲಸ. ಕೋಯಿ ಎಂಬ ಅಲಂಕಾರದ ಮೀನಿನ ಹರ್ಪಿಸ್ ವೈರಸ್ಸನ್ನೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ತಡೆದದ್ದುಂಟು.

ಗಾಜಿನ ತಟ್ಟೆಯೇನೋ ಸರಿ, ಹೊಂಡ? ಇಲ್ಲಿ ನನ್ನ ಹಳೆಯ ಗುಣಾಕಾರವೇ ಉತ್ತರ ಹೇಳುತ್ತದೆ. ಆಸ್ಪತ್ರೆಯಲ್ಲಿ ಔಷಧ ರೋಗಿಯ ಹೊಟ್ಟೆಗೆ ಹೋಗುತ್ತದೆ. ಇಲ್ಲಿ ರೋಗಿ ಇರುವುದು 40 ಲಕ್ಷ ಲೀಟರ್ ನೀರಿನಲ್ಲಿ. ಲೀಟರಿಗೆ ಒಂದೇ ಮಿಲಿಗ್ರಾಮ್ ಎಂದರೂ ನಾಲ್ಕು ಕಿಲೋ ಬೇಕು. ವೈರಸ್ಸಿನ ಮದ್ದನ್ನು ಕಿಲೋಗಟ್ಟಲೆ ಕೊಳ್ಳುವ ರೈತ ಎಲ್ಲಿದ್ದಾನೆ? ಮೇವಿನಲ್ಲಿ ಬೆರೆಸೋಣವೆಂದರೆ ರೋಗ ಬಂದ ಸಿಗಡಿ ಮೊದಲು ಬಿಡುವುದೇ ಮೇವನ್ನು. ಔಷಧದ ಮೇವು ತಿನ್ನುವವು ಇನ್ನೂ ಚೆನ್ನಾಗಿರುವ ಸಿಗಡಿಗಳು. ಕೊನೆಗೆ ತೂಬು ಎತ್ತಿದರೆ ಔಷಧದ ನೀರೆಲ್ಲ ಹೊಳೆಗೆ, ಬಳಚು ಹೆಕ್ಕುವವರ ಕಾಲ ಬುಡಕ್ಕೆ. ಸಿಗಡಿಯ ಮಾಂಸದಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅಂಶ ಸಿಕ್ಕಿತೆಂದು ಹೊರದೇಶಗಳು ನಮ್ಮ ಸರಕನ್ನು ತಿರಸ್ಕರಿಸಿದ್ದು, ಅಂಥ ಔಷಧಗಳನ್ನು ಸರ್ಕಾರ ನಿಷೇಧಿಸಿದ್ದು ಆಮೇಲಿನ ಕಥೆ.

ಇನ್ನು ಲಸಿಕೆ. ಮೀನಿಗೆ ಲಸಿಕೆ ಹಾಕಬಹುದು. ನಾರ್ವೆಯಲ್ಲಿ ಸಾಲ್ಮನ್ ಮರಿಗಳಿಗೆ ಒಂದೊಂದಕ್ಕೂ ಸೂಜಿ ಚುಚ್ಚಿಯೇ ಸಮುದ್ರಕ್ಕೆ ಬಿಡುತ್ತಾರೆ. ಮೀನಿಗೆ ಬೆನ್ನುಮೂಳೆ ಇದೆ, ನಮ್ಮಂತೆ ಪ್ರತಿಕಾಯ ಮಾಡುವ ಶಕ್ತಿಯೂ ಇದೆ. ಸಿಗಡಿ ಮೀನೇ ಅಲ್ಲ. ಅದು ಏಡಿಯ ನೆಂಟ, ದೂರದಿಂದ ಜಿರಲೆಯ ನೆಂಟ. ಅದರ ಮೈಯಲ್ಲಿ ಪ್ರತಿಕಾಯ ಹುಟ್ಟುವುದಿಲ್ಲ. ಹುಡುಗ ಕೊರೋನಾದ ಹೋಲಿಕೆ ತಂದದ್ದು ಸಹಜವೇ, ಆದರೆ ಇಲ್ಲಿ ಆ ಹೋಲಿಕೆ ನಿಲ್ಲುವುದಿಲ್ಲ.

ಶತ್ರುವೂ ಸಾಮಾನ್ಯನಲ್ಲ. ಬಿಳಿಚುಕ್ಕೆ ರೋಗದ ಈ ವೈರಸ್ 1992ರ ಸುಮಾರಿಗೆ ಚೀನಾ, ತೈವಾನ್‌ಗಳ ಕಡೆ ಕಾಣಿಸಿಕೊಂಡು, 1993ರಲ್ಲಿ ಜಪಾನಿಗೂ 1994ರಲ್ಲಿ ಭಾರತಕ್ಕೂ ಬಂತು. ಸುಮಾರು ಮೂರು ಲಕ್ಷ ಅಕ್ಷರಗಳಷ್ಟು ಉದ್ದದ ಡಿಎನ್‌ಎ ಅದಕ್ಕೆ. ವೈರಸ್ಸುಗಳ ಪೈಕಿ ದೈತ್ಯವೇ ಸರಿ. ಹೊಂಡಕ್ಕೆ ಹೊಕ್ಕರೆ ಮೂರರಿಂದ ಹತ್ತು ದಿನದಲ್ಲಿ ಎಲ್ಲ ಮುಗಿಸುತ್ತದೆ. ಸತ್ತ ಸಿಗಡಿಯನ್ನು ಇನ್ನೊಂದು ಸಿಗಡಿ ತಿನ್ನುವುದರಿಂದ ಬೆಂಕಿಯಂತೆ ಹಬ್ಬುತ್ತದೆ. ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ. ಸಿಗಡಿ ತಿನ್ನುವವರು ಹೆದರಬೇಕಾಗಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಈ ರೋಗ ಬಂದ ಸಿಗಡಿಗಳನ್ನು ಕೊಯ್ದು ಸೂಕ್ಷ್ಮದರ್ಶಕದಡಿ ನೋಡಿ ಮೊದಮೊದಲು ವರದಿ ಬರೆದವರಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿ ಹಾಗೂ ಅವರ ಸಂಗಡಿಗರು ಮುಖ್ಯರು. ಆ ವರದಿ 1997ರದು. ಎರಡು ವರ್ಷದ ನಂತರ ಅವರೇ ಪಿಸಿಆರ್ ಪರೀಕ್ಷೆ ಮಾಡಿ ಇನ್ನೊಂದು ಸಂಗತಿ ತೋರಿಸಿದರು. ವೈರಸ್ ಹೊಂಡದ ಸಿಗಡಿಯಲ್ಲಷ್ಟೇ ಅಲ್ಲ, ಹೊರಗೆ ಹಿಡಿದ ಕಾಡುಸಿಗಡಿಯಲ್ಲಿ, ಏಡಿಯಲ್ಲಿಯೂ ಇದೆ! ಏಡಿ ಸಾಯುವುದಿಲ್ಲ, ಹೊತ್ತು ತಿರುಗುತ್ತದೆ. ಉಬ್ಬರದ ನೀರಿಗೆ ಬಾಗಿಲು ತೆರೆದುಕೊಂಡೇ ಬದುಕುವ ಗಜನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕೇ?

ಕಾಲಡಿಯ ಹುಲ್ಲು

ಇಷ್ಟು ಹೇಳುವಾಗ ನಾವು ತೂಬಿನ ಹತ್ತಿರ ಬಂದಿದ್ದೆವು. ಏರಿಯ ಮೇಲೆ ಅಲ್ಲಲ್ಲಿ ಗರಿಕೆ ಹಬ್ಬಿತ್ತು. ನಾನು ಒಂದು ಎಳೆ ಕಿತ್ತು ಹುಡುಗನ ಕೈಗೆ ಕೊಟ್ಟೆ. "ಗಣಪತಿಗೆ ಏರಿಸೋದು" ಎಂದ. ಹೌದು, ಅದೇ.

ತಮಿಳುನಾಡಿನ ಮೇಲ್ವಿಶಾರಂ ಎಂಬ ಊರಿನ ಕಾಲೇಜಿನಲ್ಲಿ ಸಾಹುಲ್ ಹಮೀದ್ ಮತ್ತು ಅವರ ತಂಡ 2007ರಲ್ಲಿ ನಮ್ಮ ಮನೆಮದ್ದಿನ ಇಪ್ಪತ್ತು ಗಿಡಗಳ ರಸವನ್ನು ಈ ವೈರಸ್ಸಿನ ಮೇಲೆ ಪರೀಕ್ಷಿಸಿತು. ಬಿಲ್ವ, ಹಾಗಲ, ನೆಲನೆಲ್ಲಿ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಎಲ್ಲಕ್ಕಿಂತ ಚೆನ್ನಾಗಿ ವೈರಸ್ಸನ್ನು ತಡೆದದ್ದು ಗರಿಕೆ. ಮರುವರ್ಷ ಗರಿಕೆಯ ಸಾರವನ್ನು ಮೇವಿನಲ್ಲಿ ಸೇರಿಸಿ ತಿನ್ನಿಸಿದ ಟೈಗರ್ ಸಿಗಡಿಗಳಿಗೂ ರಕ್ಷಣೆ ಸಿಕ್ಕಿತೆಂದು ಅವರು ಬರೆದರು.

ಇದನ್ನು ಕೇಳಿದ್ದೇ ಅಜ್ಜನ ಮುಖ ಅರಳಿತು. "ಹಾಗಾದರೆ ಇಷ್ಟು ದಿನ ಮದ್ದಿನ ಮೇಲೆಯೇ ನಡೆದಾಡಿದ್ದೇವೆ!" ಎಂದರು. ಈ ಸಲ ನಾನು ಅವಸರ ಮಾಡಲಿಲ್ಲ. ಮೊದಲ ಪ್ರಯೋಗದಲ್ಲಿ ವೈರಸ್ಸನ್ನೂ ರಸವನ್ನೂ ಮೊದಲೇ ಬೆರೆಸಿಟ್ಟು ಆಮೇಲೆ ಸಿಗಡಿಗೆ ಚುಚ್ಚಿದ್ದರು. ಅಲ್ಲಿ ಕಳ್ಳನೂ ಪೊಲೀಸನೂ ಒಂದೇ ಕೋಣೆಯಲ್ಲಿ. ಹೊಂಡದಲ್ಲಿ ಹಾಗಿರುವುದಿಲ್ಲ. ಎರಡನೆಯದು ನಿಜವಾಗಿ ಆಸೆ ಹುಟ್ಟಿಸುವಂಥದ್ದು, ಆದರೆ ಅದೂ ರೋಗ ಬರುವ ಮೊದಲೇ ತಿನ್ನಿಸುವ ಮೇವು. ಸಾಯುತ್ತಿರುವ ಹೊಂಡಕ್ಕೆ ಸುರಿಯುವ ಮದ್ದಲ್ಲ. ಅಂಗಳದ ಗರಿಕೆ ಕಿತ್ತು ಅರೆದು ಹಾಕಿದರೆ ಎಷ್ಟು ಸಾರ ಬಂತು, ನೀರಿನಲ್ಲಿ ಎಷ್ಟು ತೊಳೆದು ಹೋಯಿತು ಯಾರು ಬಲ್ಲರು? ಅಜ್ಜ ಗರಿಕೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಾದರು. ಅವರ ಆಸೆಗೆ ತಣ್ಣೀರು ಎರಚಿದೆನೇನೋ ಎಂದು ನನಗೆ ಕೆಡುಕೆನಿಸಿತು. ಆದರೆ ಇನ್ನೊಂದು ಎಂಟು ಡಬ್ಬಿಯ ಲೆಕ್ಕ ನನಗೆ ಬೇಡವಾಗಿತ್ತು.

ಇದೇ ತಂಡ ಇನ್ನೊಂದು ದಾರಿಯನ್ನೂ ಹಿಡಿಯಿತು. ಎರಡೆಳೆಯ ಆರ್‌ಎನ್‌ಎ ಜೀವಕೋಶದೊಳಗೆ ಹೋದರೆ ಅದಕ್ಕೆ ಹೊಂದುವ ಜೀನ್ ಬಾಯಿ ಮುಚ್ಚುತ್ತದೆ. ಇದನ್ನು ಹುಳುವಿನಲ್ಲಿ ಕಂಡುಹಿಡಿದವರಿಗೆ 2006ರಲ್ಲಿ ನೊಬೆಲ್ ಸಿಕ್ಕಿತು. ವೈರಸ್ಸಿನ ಹೊರಕವಚದ ಒಂದು ಪ್ರೋಟೀನಿಗೆ ತಕ್ಕ ಆರ್‌ಎನ್‌ಎಯನ್ನು ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿ, ಮೇವಿನಲ್ಲಿ ಸಿಗಡಿಗೆ ತಿನ್ನಿಸಿ, ಬಿಳಿಚುಕ್ಕೆಯಿಂದ ಕಾಪಾಡಬಹುದೆಂದು 2008ರಲ್ಲಿ ಅವರು ತೋರಿಸಿದರು. ಪ್ರತಿಕಾಯವಿಲ್ಲದ ಪ್ರಾಣಿಗೆ ಇದು ಹೇಳಿ ಮಾಡಿಸಿದ ಉಪಾಯ. ಆದರೂ ಎಕರೆಗೆ ಹತ್ತಾರು ಸಾವಿರ ಮರಿ ಇರುವ ಹೊಂಡಕ್ಕೆ, ರೈತನ ಕೈಗೆಟುಕುವ ಬೆಲೆಗೆ, ಅಂಗಡಿಯಲ್ಲಿ ಸಿಗುವ ಮದ್ದಾಗಿ ಅದು ಬಂದಿಲ್ಲ. ಅಜ್ಜನ ಪ್ರಶ್ನೆಗೆ ನನ್ನ ಉತ್ತರ "ಇಲ್ಲ, ಇನ್ನೂ ಬಂದಿಲ್ಲ" ಎಂದೇ.

"ಮತ್ತೆ ಆಂಧ್ರದಲ್ಲಿ ಅಷ್ಟೊಂದು ಬೆಳೀತಾರಲ್ಲ?" ಎಂದು ಹುಡುಗ ಬಿಡಲಿಲ್ಲ. ಅವರು ಮದ್ದಿನಿಂದ ಗೆದ್ದದ್ದಲ್ಲ. 2009ರಲ್ಲಿ ವನಾಮಿ ಎಂಬ ಅಮೆರಿಕದ ಸಿಗಡಿಗೆ ನಮ್ಮಲ್ಲಿ ಅನುಮತಿ ಸಿಕ್ಕಿತು. ರೋಗವಿಲ್ಲವೆಂದು ತಲೆಮಾರುಗಟ್ಟಲೆ ಪರೀಕ್ಷಿಸಿ ಸಾಕಿದ ತಾಯಿಸಿಗಡಿಗಳನ್ನು ಹೊರದೇಶದಿಂದ ತರಿಸಿ, ಚೆನ್ನೈಯಲ್ಲಿ ಪ್ರತ್ಯೇಕವಾಗಿಟ್ಟು ಮತ್ತೆ ಪರೀಕ್ಷಿಸಿ, ಆಮೇಲೆ ಹ್ಯಾಚರಿಗೆ ಕೊಡುತ್ತಾರೆ. ಹೊಂಡದ ನೀರಿಗೆ ಮೊದಲೇ ಬ್ಲೀಚಿಂಗ್ ಪುಡಿ. ಸುತ್ತ ಏಡಿ ದಾಟದಂತೆ ಬೇಲಿ, ಮೇಲೆ ಹಕ್ಕಿ ಇಳಿಯದಂತೆ ದಾರ. ರೋಗವಿಲ್ಲದ ಮರಿ ಎಂದರೆ ರೋಗ ಬಾರದ ಮರಿ ಎಂದಲ್ಲ. ಬೇಲಿ ಹರಿದರೆ ವನಾಮಿಯೂ ಸಾಯುತ್ತದೆ.

ಗಜನಿಯಲ್ಲಿ ಅದೆಲ್ಲ ನಡೆಯುವುದಿಲ್ಲ. ನೂರಾರು ಎಕರೆಗೆ ಯಾರು ಬೇಲಿ ಹಾಕುತ್ತಾರೆ? ಹಾಗೆ ಬೇಲಿ ಹಾಕಿದರೆ ಅದು ಗಜನಿಯಾಗಿಯೂ ಉಳಿಯುವುದಿಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಹೊಂಡಗಳನ್ನು ತೆಗೆಸಲು ಆಜ್ಞೆ ಮಾಡಿದಾಗಲೂ ಸಾಂಪ್ರದಾಯಿಕ ಕೃಷಿಯನ್ನು ಬಿಟ್ಟಿತ್ತು. ನನಗನ್ನಿಸುವುದು, ಹಿಂದಿನವರು ಕಗ್ಗ ಬಿತ್ತುತ್ತಿದ್ದದ್ದು ಅಕ್ಕಿಗಾಗಿಯೇ ಇರಬಹುದು, ಆದರೆ ಆ ನಾಲ್ಕೈದು ತಿಂಗಳು ಸಿಹಿನೀರು ತುಂಬಿ ಶೆಟ್ಲಿಗೆ ಬಿಡುವು ಸಿಗುತ್ತಿತ್ತು. ಹೊಂಡದ ಕೆಸರಿನಲ್ಲಿ ಈ ವೈರಸ್ ವಾರಗಟ್ಟಲೆ ಬದುಕಿರಬಲ್ಲದು, ವರ್ಷಗಟ್ಟಲೆ ಅಲ್ಲ. ಬೆಳೆಯ ಮೇಲೆ ಬೆಳೆ ಸಿಗಡಿಯನ್ನೇ ಬಿಟ್ಟವರು ಆ ಬಿಡುವನ್ನು ಕಳೆದುಕೊಂಡರು.

ಮಗಳು ಈ ಮಾತಿಗೆ ತಲೆಯಾಡಿಸಿದರು. ಅವರು ನಾಲ್ಕು ವರ್ಷದಿಂದ ಮತ್ತೆ ಕಗ್ಗ ಬಿತ್ತುತ್ತಿದ್ದಾರೆ. ಬಿತ್ತನೆಗೆ ಬೀಜ ತಂದದ್ದು ಮಾಣಿಕಟ್ಟಾದ ಕಡೆಯಿಂದ. ಅಪ್ಪನ ಹಳೆಯ ಹೊಂಡವನ್ನು ಮುಚ್ಚಿಲ್ಲ. ಅದರಲ್ಲಿ ಈ ವರ್ಷ ಸ್ವಲ್ಪವೇ ಟೈಗರ್ ಮರಿ ಬಿಡುವ ಯೋಚನೆ. ಮರಿ ಕೊಳ್ಳುವ ಮೊದಲು ಒಂದು ಹಿಡಿಯನ್ನು ಪರೀಕ್ಷೆಗೆ ಕಳಿಸಿದ್ದರು. ಆರ್‌ಟಿಪಿಸಿಆರ್ ಎಂಬ ಮಾತು ಈಗ ಯಾರಿಗೆ ಗೊತ್ತಿಲ್ಲ! ಇದೂ ಅದೇ ಪಿಸಿಆರ್. ಕೊರೋನಾದ್ದು ಆರ್‌ಎನ್‌ಎ, ಅದನ್ನು ಮೊದಲು ಡಿಎನ್‌ಎ ಮಾಡಿಕೊಳ್ಳಬೇಕು, ಅದಕ್ಕೆ ಮುಂದೆ ಆರ್‌ಟಿ. ಬಿಳಿಚುಕ್ಕೆಯದು ಮೊದಲೇ ಡಿಎನ್‌ಎ, ಆರ್‌ಟಿ ಬೇಡ. ಇದನ್ನು ನಾನು ಹೇಳುವ ಮೊದಲೇ ಹುಡುಗ ಹೇಳಿದ. ಕಲಿಸಿದ್ದು ಯಾರು ಎಂದೆ. ಅಮ್ಮ ಎಂದ. ಅವರು ಅವನ ಪಿಯುಸಿ ಪುಸ್ತಕವನ್ನು ರಾತ್ರಿ ಹೊಲಿಗೆ ಮುಗಿಸಿ ಓದುತ್ತಾರಂತೆ.

ಹೊರಡುವಾಗ ನಾನು ಆ ಹಾಳೆಯ ವಿಷಯ ತೆಗೆದೆ. ತಪ್ಪು ನನ್ನದೂ ಇತ್ತು ಎಂದೆ. ಅಜ್ಜನಿಗೆ ಹಾಳೆಯ ನೆನಪೇ ಇರಲಿಲ್ಲ. "ನೀವು ಬರೆದು ಕೊಡದಿದ್ದರೆ ನಾನು ಹತ್ತು ಡಬ್ಬಿ ಹಾಕ್ತಿದ್ದೆ" ಎಂದು ನಕ್ಕರು. ಮಗಳು ನಗಲಿಲ್ಲ. ಒಳಗೆ ಹೋಗಿ ಎರಡು ಸೇರು ಕಗ್ಗದ ಅಕ್ಕಿಯನ್ನು ಚೀಲದಲ್ಲಿ ಕಟ್ಟಿ ತಂದುಕೊಟ್ಟರು. ಗಂಜಿ ಮಾಡಿದರೆ ರುಚಿ, ಆದರೆ ಬೇಯಲು ಹೊತ್ತು ಬೇಕು ಎಂದು ಹೇಳಿದರು.

ಬಸ್ಸು ಕಾಯುತ್ತ ನಿಂತಿದ್ದಾಗ ಅವರ ಫೋನು ಬಂತು. ಮರಿಯಲ್ಲಿ ವೈರಸ್ ಇದೆಯಂತೆ. ಆ ಮರಿ ಬೇಡವೆಂದು ಹ್ಯಾಚರಿಗೆ ತಿಳಿಸಿಯೂ ಆಗಿತ್ತು. ಬೇರೆ ಕಡೆಯ ಮರಿ ಜನವರಿಗೆ ಸಿಗಬಹುದು, ಅದನ್ನೂ ಕಳಿಸುತ್ತೇವೆ ಎಂದರು. ಹಿಂದೆ ಅಜ್ಜ ಏನೋ ಕೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ಅಷ್ಟರಲ್ಲಿ ಬಸ್ಸು ಬಂತು.